ಮುಕ್ತ ಅಂತ್ಯ, ‘ಭಾಗ 2’ರ ಕೊಕ್ಕೆ, ‘ಶುಭಂ’: ಕಾಸು ಕೊಟ್ಟು ನೋಡಿದ ಮೇಲೆ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ಮೂರರಲ್ಲಿ ನನ್ನ ಓಟು ಮುಕ್ತ ಅಂತ್ಯಕ್ಕೆ. ಕೊನೆಯಲ್ಲಿ ಒಂದು ವಿಷಯವನ್ನು ನಮಗೇ ಬಿಟ್ಟು ಹೋಗುವ ಸಿನಿಮಾಕ್ಕೆ ಕೊಟ್ಟ ದುಡ್ಡು ದಂಡ ಅಂತ ನನಗೆ ಅನ್ನಿಸಿಲ್ಲ. ದಂಡ ಅನ್ನಿಸಿದ್ದು ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ‘ಮುಂದಿನ ಭಾಗದಲ್ಲಿ ನೋಡಿ’ ಎಂದು ಮನೆಗೆ ಕಳಿಸುವ ಸಿನಿಮಾಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ಎಂಡಿಂಗೇ ಇಲ್ಲ ಗುರು’ ಅನ್ನುವವರು ನಮ್ಮ ಮಂಡ್ಯದಲ್ಲಿ ಬಹಳ ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಲವು ಸಿನಿಮಾಗಳ ಕೊನೆ ಇಲ್ಲಿ ಬರುತ್ತದೆ, ನೋಡದವರು ನೋಡಿಕೊಂಡು ಬನ್ನಿ.

ಹೋದ ವರ್ಷ ಮನೆಮಂದಿಯನ್ನೆಲ್ಲ ಕರೆದುಕೊಂಡು ಮೈಸೂರಿಗೆ ಹೋಗಿ ಮಾಲ್‌ನಲ್ಲಿ ಒಂದು ಸಿನಿಮಾ ನೋಡಿದೆವು. ಹೆಸರು ಬೇಡ. ಭಾನುವಾರದ ಟಿಕೆಟ್ ದರ, ಇಂಟರ್ವಲ್‌ನಲ್ಲಿ ಮಕ್ಕಳಿಗೆ ಪಾಪ್‌ಕಾರ್ನ್, ಹೋಗಿಬರಲು ಪೆಟ್ರೋಲು, ಪಾರ್ಕಿಂಗ್. ಪೋಸ್ಟರಿನಲ್ಲಿ ‘ಭಾಗ 1’ ಅಂತ ಎಲ್ಲೂ ಇರಲಿಲ್ಲ, ಟಿಕೆಟ್ ಬುಕ್ ಮಾಡುವಾಗಲೂ ಕಾಣಲಿಲ್ಲ. ಕಾಣೆಯಾದ ಹುಡುಗಿಯನ್ನು ಹುಡುಕುವ ಕತೆ. ಅವಳನ್ನು ಯಾರು ಒಯ್ದರು ಅಂತ ಗೊತ್ತಾಗುವ ಹೊತ್ತಿಗೆ ಹೀರೊ ಕ್ಯಾಮೆರಾ ಕಡೆ ತಿರುಗಿದ, ಪರದೆ ಕಪ್ಪಾಯಿತು, ಕಿವಿ ಗುಂಯ್‌ಗುಡುವ ಸದ್ದಿನ ಜೊತೆ ‘ಮುಂದುವರಿಯುವುದು’ ಅಂತ ಬಂತು.

ಲೈಟು ಹತ್ತಿದ ಮೇಲೂ ಅವ್ವ ಸೀಟಿನಿಂದ ಏಳಲಿಲ್ಲ. ‘ಆ ಹುಡ್ಗಿ ಏನಾದ್ಲು ಮಗ?’ ಅಂದರು.

‘ಮುಂದಿನ ಪಾರ್ಟಲ್ಲಿ ತೋರಿಸ್ತಾರಂತೆ ಕಣವ್ವ.’

‘ಹಂಗಾದ್ರೆ ಇವತ್ತು ಪೂರ್ತಿ ದುಡ್ಡು ಯಾಕೆ ಈಸ್ಕಂಡ್ರು?’

ನನ್ನ ತಕರಾರೆಲ್ಲ ಆ ಒಂದು ಮಾತಿನಲ್ಲಿದೆ. ದುಡ್ಡಿನ ಲೆಕ್ಕ ಪಕ್ಕಕ್ಕಿಟ್ಟರೂ ಇನ್ನೊಂದು ನಷ್ಟವಿದೆ. ಬೇರೆ ದಿನಗಳಲ್ಲಾದರೆ ಸಿನಿಮಾ ಮುಗಿಸಿ ಮೈಸೂರಿನಿಂದ ಊರಿಗೆ ಬರುವಾಗ ಶ್ರೀರಂಗಪಟ್ಟಣ ದಾಟುವವರೆಗೂ ನಮ್ಮ ಕಾರಿನಲ್ಲಿ ಅದರದೇ ಮಾತು. ಅವತ್ತು ಮಾತೇ ಹುಟ್ಟಲಿಲ್ಲ. ಹುಟ್ಟುವುದಾದರೂ ಹೇಗೆ? ಹುಡುಗಿಯನ್ನು ಯಾರು ಒಯ್ದರು ಅನ್ನುವ ಉತ್ತರ ನಿರ್ದೇಶಕರ ಬಳಿ ಭದ್ರವಾಗಿದೆ, ನಮ್ಮ ಕಣ್ಣಿಗೆ ಬಿದ್ದ ಯಾವ ದೃಶ್ಯದಿಂದಲೂ ಅದನ್ನು ಊಹಿಸಲು ದಾರಿಯಿಲ್ಲ. ಕಾಯಬೇಕು, ಅಷ್ಟೆ. ಮುಕ್ತ ಅಂತ್ಯದಲ್ಲಿ ಹಾಗಲ್ಲ. ಉತ್ತರಕ್ಕೆ ಬೇಕಾದದ್ದೆಲ್ಲ ನಾವು ನೋಡಿದ ಸಿನಿಮಾದೊಳಗೇ ಇರುತ್ತದೆ, ಅದನ್ನು ಹಿಡಿದುಕೊಂಡು ನಾವು ಜಗಳವಾಡಬಹುದು.

ಇನ್ನು ಕಾಯುವ ಕಾಲ. ‘ಕೆಜಿಎಫ್’ ಮೊದಲ ಚಾಪ್ಟರ್ 2018ರ ಡಿಸೆಂಬರಿನಲ್ಲಿ ಬಂತು, ಎರಡನೆಯದು 2022ರ ಏಪ್ರಿಲ್‌ನಲ್ಲಿ. ನಡುವೆ ಕೊರೊನಾ ಬಂದಿತ್ತು, ಒಪ್ಪುತ್ತೇನೆ. ಆದರೂ ಅಷ್ಟು ಹೊತ್ತಿಗೆ ಯಾರು ಯಾರ ಕಡೆಯವರು ಅಂತ ನೆನಪಿಟ್ಟುಕೊಳ್ಳಲು ಮೊದಲಿನದನ್ನು ಮತ್ತೆ ನೋಡಬೇಕಾಯಿತು. ಅದು ‘ಚಾಪ್ಟರ್ 1’ ಅಂತ ಹೆಸರಿನಲ್ಲೇ ಹೇಳಿತ್ತು, ಹಾಗಾಗಿ ಅದರ ಮೇಲೆ ನನ್ನ ದೂರಿಲ್ಲ. ‘ಸಪ್ತ ಸಾಗರದಾಚೆ ಎಲ್ಲೋ’ ಕೂಡ ‘ಸೈಡ್ ಎ’, ‘ಸೈಡ್ ಬಿ’ ಅಂತ ಮೊದಲೇ ತಿಳಿಸಿ, 2023ರ ಸೆಪ್ಟೆಂಬರ್ ಮತ್ತು ನವೆಂಬರಿನಲ್ಲಿ ಎರಡನ್ನೂ ಕೊಟ್ಟು ಮುಗಿಸಿತು. ಹೀಗೆ ಹೇಳಿ ಮಾಡಿದರೆ ನೋಡುವವರಿಗೆ ಮರ್ಯಾದೆ ಕೊಟ್ಟ ಹಾಗೆ. ಹೇಳದೆ ಮಾಡುವುದೇ ನನಗೆ ಸಹಿಸಲಾಗದ್ದು.

ಈಗ ನನಗೆ ಪ್ರಿಯವಾದದ್ದಕ್ಕೆ ಬರುತ್ತೇನೆ. 2018ರ ‘ಅಂಧಾಧುನ್’ ನೋಡಿ ಬಂದ ರಾತ್ರಿ ನಾನೂ ನನ್ನ ಭಾಮೈದನೂ ಊಟ ಆರಿಹೋಗುವವರೆಗೆ ವಾದ ಮಾಡಿದೆವು. ಕೊನೆಯಲ್ಲಿ, ಕಣ್ಣು ಕಳೆದುಕೊಂಡನೆಂದು ನಾವು ನಂಬಿದ ಪಿಯಾನೊ ವಾದಕ ಆಕಾಶ್ ಯುರೋಪಿನಲ್ಲಿ ತನ್ನ ಹಳೆಯ ಗೆಳತಿ ಸೋಫಿಗೆ ಸಿಗುತ್ತಾನೆ, ನಡೆದದ್ದನ್ನೆಲ್ಲ ಹೇಳುತ್ತಾನೆ, ಆಮೇಲೆ ರಸ್ತೆಯಲ್ಲಿ ಹೋಗುತ್ತಾ ಬಿದ್ದಿದ್ದ ಡಬ್ಬವನ್ನು ಕೋಲಿನಿಂದ ಗುರಿಯಿಟ್ಟ ಹಾಗೆ ಹೊಡೆಯುತ್ತಾನೆ. ‘ಕಣ್ಣು ಕಾಣ್ತದೆ ಭಾವ, ಅಲ್ಲಿಗೆ ಮುಗೀತು’ ಅಂದ ಭಾಮೈದ. ನಾನು ಅಲ್ಲಿಗೆ ಮುಗಿಸಲು ಒಪ್ಪಲಿಲ್ಲ. ಕಣ್ಣು ಕಾಣುವುದಾದರೆ ಸೋಫಿಗೆ ಹೇಳಿದ ಕತೆಯಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಆ ಕತೆಯಲ್ಲಿ ತಾನೊಬ್ಬ ಒಳ್ಳೆಯವನಾಗಿ ಉಳಿದಿದ್ದಾನಲ್ಲ, ಅದೂ ಸುಳ್ಳೇ? ಅವನ ಕೋಲಿನ ಹಿಡಿಯಲ್ಲಿ ಮೊಲದ ತಲೆ ಇದೆ; ಸಿನಿಮಾ ಶುರುವಾಗುವುದೂ ಒಂದು ಮೊಲದಿಂದಲೇ. ಒಂದು ಡಬ್ಬಕ್ಕೆ ಬಿದ್ದ ಏಟು ಹಿಂದಿನ ಅರ್ಧ ಗಂಟೆಯನ್ನು ಮತ್ತೆ ಮೊದಲಿನಿಂದ ಯೋಚಿಸುವಂತೆ ಮಾಡಿತು.

2010ರ ‘ಇನ್ಸೆಪ್ಷನ್’ ಬಗ್ಗೆ ಎಲ್ಲರೂ ಕೇಳುವುದು, ಇದು ಕನಸೋ ನಿಜವೋ ಅಂತ ತಿಳಿಯಲು ಕೊನೆಯಲ್ಲಿ ನಾಯಕ ತಿರುಗಿಸಿದ ಬುಗುರಿ ಬಿತ್ತೋ ಇಲ್ಲವೋ ಅಂತ. ನನಗೆ ಮುಖ್ಯ ಅನ್ನಿಸುವುದು ಬುಗುರಿ ತಿರುಗಿಸಿದವನು ಅದನ್ನು ನೋಡಲು ನಿಲ್ಲದೆ ಮಕ್ಕಳ ಕಡೆ ಹೋದದ್ದು. ಅವನ ಮಟ್ಟಿಗೆ ಪ್ರಶ್ನೆ ಮುಗಿದಿದೆ, ಉಳಿದಿರುವುದು ನಮಗೆ ಮಾತ್ರ. ಒಳ್ಳೆಯ ಮುಕ್ತ ಅಂತ್ಯವನ್ನು ನಾನು ಗುರುತಿಸುವುದು ಇದರಿಂದಲೇ: ಸಿನಿಮಾ ತಾನು ಎತ್ತಿದ ಮುಖ್ಯ ಪ್ರಶ್ನೆಯನ್ನು ಮುಗಿಸಿರಬೇಕು, ಬಾಕಿಯನ್ನು ಮಾತ್ರ ಬಿಡಬೇಕು.

‘ಕಾಂತಾರ’ಕ್ಕೆ ‘ಎಂಡಿಂಗ್ ಇಲ್ಲ’ ಅಂತ ನಮ್ಮ ಬೀದಿಯಲ್ಲಿ ಒಬ್ಬರೂ ಅನ್ನಲಿಲ್ಲ, ಗಮನಿಸಿದ್ದೀರಾ? ಶಿವ ಕಾಡಿನೊಳಗೆ ಮಾಯವಾದ, ಎಲ್ಲಿಗೆ ಹೋದ ಅಂತ ಯಾರಿಗೂ ಗೊತ್ತಿಲ್ಲ. ಆದರೆ ಅವನ ಅಪ್ಪ ಮೊದಲಲ್ಲಿ ಹಾಗೇ ಮಾಯವಾದದ್ದನ್ನು ನಾವು ಕಂಡಿದ್ದೆವು. ಊರಿನವರ ಕೈ, ಅರಣ್ಯ ಅಧಿಕಾರಿಯ ಕೈ ಎರಡನ್ನೂ ದೈವ ಒಟ್ಟಿಗೆ ಸೇರಿಸಿತ್ತು. ಭೂಮಿಯ ಜಗಳಕ್ಕೆ ಉತ್ತರ ಸಿಕ್ಕಿತ್ತು. ಆಮೇಲೆ 2025ರಲ್ಲಿ ಬಂದ ‘ಚಾಪ್ಟರ್ 1’ ಕೂಡ ಮುಂದಿನ ಕತೆಗೆ ಕೈಹಾಕದೆ ಹಿಂದಿನ ಕಾಲಕ್ಕೆ ಹೋಯಿತು.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ‘ತಿಥಿ’ ಇದೆ. ರಾಮ್ ರೆಡ್ಡಿ ಅದನ್ನು ಮಂಡ್ಯದ ನೊದೆಕೊಪ್ಪಲಿನಲ್ಲಿ, ಹಳ್ಳಿಯವರನ್ನೇ ಹಾಕಿಕೊಂಡು ತೆಗೆದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಭೂಮಿ ಮಾರಲು ಹೊರಟ ತಮ್ಮಣ್ಣ ಮಾಡಿಕೊಂಡ ಸಾಲ ಹೇಗೆ ತೀರಿತು ಅಂತ ಸಿನಿಮಾ ಹೇಳುವುದಿಲ್ಲ. ಮನೆಯಲ್ಲಿ ಹಾಕಿದಾಗ ಪಟ್ಟಣದಲ್ಲಿ ಓದುವ ಮಗಳು ‘ಆಮೇಲೇನಾಯ್ತು?’ ಅಂದಳು. ನಮ್ಮ ದೊಡ್ಡಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು: ‘ಆಗೋದೇನವ್ವ, ಆ ಸಾಲ ತೀರ್ಸಕ್ಕೆ ಇನ್ನೊಂದ್ ಸಾಲ ಮಾಡ್ತನೆ. ನಮ್ಮೂರಲ್ಲೇ ಎಷ್ಟ್ ಜನ ಇಲ್ಲ ಹಂಗೆ?’ ನಿರ್ದೇಶಕರು ಬರೆಯದೆ ಬಿಟ್ಟ ದೃಶ್ಯವನ್ನು ದೊಡ್ಡಪ್ಪ ತಮ್ಮ ಬದುಕಿನಿಂದ ತುಂಬಿದರು. ಕೊನೆ ಏನೆಂದು ಸಿನಿಮಾವೇ ಹೇಳಿದ್ದರೆ ಆ ಮಾತು ನಮ್ಮ ಮನೆಯಲ್ಲಿ ಹುಟ್ಟುತ್ತಿರಲಿಲ್ಲ.

ಮುಕ್ತ ಅಂತ್ಯದಲ್ಲೂ ಕಳಪೆ ಮಾಲು ಇದೆ. ಕೊಲೆ ಯಾರು ಮಾಡಿದರು ಅಂತ ಎರಡು ಗಂಟೆ ಓಡಿಸಿ, ಕೊನೆಗೆ ಮಂಜಿನಲ್ಲಿ ಒಬ್ಬ ನಡೆದುಹೋಗುವುದನ್ನು ತೋರಿಸಿ ಬಿಟ್ಟರೆ ಅದು ಕತೆ ಬರೆಯಲಾಗದೆ ಕೈಬಿಟ್ಟದ್ದು. ಅಂಥದ್ದಕ್ಕೆ ಬಯ್ಯುವವರ ಜೊತೆ ನಾನೂ ನಿಲ್ಲುತ್ತೇನೆ.

‘ಶುಭಂ’ ಅಂತ ಎಲ್ಲವನ್ನೂ ಮುಗಿಸಿಕೊಡುವ ಸಿನಿಮಾ ಅವ್ವನಿಗೆ ಇಷ್ಟ, ಹಬ್ಬದ ದಿನ ನನಗೂ ಸರಿ. ಕೊನೆಗೆ ಹಿನ್ನೆಲೆ ದನಿಯಲ್ಲಿ ಯಾರಿಗೆ ಮದುವೆಯಾಯಿತು, ಯಾರು ಜೈಲಿಗೆ ಹೋದರು ಅಂತ ಓದಿಸುವುದು ಮಾತ್ರ ಬೇಡ.

‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೊಗಳನ್ನು ಸಿನಿಮಾ ನೋಡಿದ ರಾತ್ರಿಯೇ ತೆರೆಯಬೇಡಿ. ಇನ್ನೊಬ್ಬರ ಉತ್ತರ ತಲೆಗೆ ಹೊಕ್ಕರೆ ನಿಮ್ಮದು ಹುಟ್ಟುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ತಂದಾಗ ತುಂಬ ಖುಷಿಯಾಗಿತ್ತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಹಾಗಾಗಿ ಇಡೀ ಮನೆಯ ಟಿಕೆಟ್ಟು ಈಗಲೂ ಯೋಚಿಸಿ ಮಾಡುವ ಖರ್ಚು. ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಸಿನಿಮಾ ಬಂದ ಮೊದಲ ದಿನ ನೋಡಿದವರಿಗೆ ಫೋನು ಮಾಡಿ ಒಂದೇ ಮಾತು ಕೇಳುತ್ತೇನೆ: ಇನ್ನೊಂದು ಭಾಗ ಇದೆಯಾ? ಇದೆ ಅಂದರೆ ಎರಡೂ ಒಟಿಟಿಗೆ ಬರುವವರೆಗೆ ಕಾಯುತ್ತೇನೆ, ಒಂದೇ ವಾರದಲ್ಲಿ ಎರಡನ್ನೂ ಮುಗಿಸುತ್ತೇನೆ. ‘ಇಲ್ಲ, ಆದ್ರೆ ಕೊನೆ ಯಾಕೋ ಅರ್ಥ ಆಗ್ಲಿಲ್ಲ’ ಅಂದರೆ ಅವತ್ತೇ ಸಂಜೆ ಷೋಗೆ ಎರಡು ಟಿಕೆಟ್, ನನಗೊಂದು, ಭಾಮೈದನಿಗೊಂದು.