ಅಳತೆ ತಪ್ಪಿದ ಅಡುಗೆ ಪುಸ್ತಕ

ಹೆಸರಾಂತ ನಟಿಯೊಬ್ಬರು ಬರೆದದ್ದೆಂದು ಮುಖಪುಟ ಹೇಳುವ ಈ ಅಡುಗೆ ಪುಸ್ತಕ ನನ್ನ ಕೈಗೆ ಬಂದದ್ದು ತಂಗಿಯಿಂದ. ಅಡುಗೆಯನ್ನು ಆಗಷ್ಟೇ ಕಲಿಯತೊಡಗಿದ್ದ ಅವಳು ಇದರಲ್ಲಿನ ಚಾಕೊಲೇಟ್ ಕೇಕನ್ನು ಎರಡು ಸಲ ಮಾಡಿದಳು. ಎರಡು ಸಲವೂ ಅದು ಕೆಟ್ಟಿತು. “ನನಗೆ ಕೈಗುಣವೇ ಇಲ್ಲ ಅಕ್ಕಾ, ಇದನ್ನು ನೀನೇ ಇಟ್ಟುಕೋ” ಎಂದು ಪುಸ್ತಕ ಕೊಟ್ಟುಹೋದವಳು ಆಮೇಲೆ ಹಲವು ತಿಂಗಳು ಓವನ್ ಮುಟ್ಟಲಿಲ್ಲ. ತಪ್ಪು ನಿಜವಾಗಿ ಅವಳದೋ ಅಲ್ಲವೋ ಎಂದು ತಿಳಿದುಕೊಳ್ಳಬೇಕೆನಿಸಿ, ಪುಸ್ತಕದ ಹದಿನಾಲ್ಕು ಅಡುಗೆಗಳನ್ನು, ಮೊದಲ ಸಲ ಒಂದು ಚಿಟಿಕೆಯನ್ನೂ ಹೆಚ್ಚುಕಡಿಮೆ ಮಾಡದೆ, ಬರೆದದ್ದನ್ನು ಬರೆದಂತೆಯೇ ಮಾಡಿ ನೋಡಿದೆ. ಆರು ಚೆನ್ನಾಗಿ ಬಂದವು, ಮೂರನ್ನು ಹೇಗೋ ತಿನ್ನಬಹುದಿತ್ತು, ಉಳಿದ ಐದನ್ನು ಚೆಲ್ಲಬೇಕಾಯಿತು.

ಕೇಕಿನಿಂದಲೇ ಆರಂಭಿಸುತ್ತೇನೆ. ಎರಡು ಕಪ್ ಮೈದಾಕ್ಕೆ ಒಂದು ಟೇಬಲ್ ಚಮಚ ಅಡುಗೆ ಸೋಡಾ ಹಾಕಬೇಕೆಂದು ಪುಸ್ತಕ ಹೇಳುತ್ತದೆ. ಒಂದು ಕಪ್ ಹಿಟ್ಟಿಗೆ ಸುಮಾರು ಕಾಲು ಟೀ ಚಮಚ ಸೋಡಾ ಸಾಕು ಎಂಬುದು ಬೇಕಿಂಗ್ ಬಲ್ಲವರೆಲ್ಲ ಅನುಸರಿಸುವ ಲೆಕ್ಕ. ಒಂದು ಟೇಬಲ್ ಚಮಚವೆಂದರೆ ಮೂರು ಟೀ ಚಮಚ, ಅಂದರೆ ಬೇಕಾದುದಕ್ಕಿಂತ ಆರು ಪಟ್ಟು. ‘ಟೀ’ ಎಂದಿರಬೇಕಾದಲ್ಲಿ ‘ಟೇಬಲ್’ ಎಂದು ಅಚ್ಚಾಗಿದೆ ಎಂದುಕೊಂಡರೂ ಅದು ಇನ್ನೂ ಎರಡು ಪಟ್ಟು ಹೆಚ್ಚೇ. ಇದಲ್ಲದೆ ಸೋಡಾ ಸರಿಯಾಗಿ ಕೆಲಸ ಮಾಡಬೇಕಾದರೆ ಮೊಸರು, ನಿಂಬೆರಸದಂಥ ಹುಳಿಯೊಂದು ಜೊತೆಗಿರಬೇಕು. ಈ ಪಟ್ಟಿಯಲ್ಲಿ ಇರುವುದು ಬರಿಯ ಹಾಲು. ಸಾಮಾನ್ಯ ಕೋಕೋ ಪುಡಿಯಲ್ಲಿ ಸ್ವಲ್ಪ ಹುಳಿ ಇರುತ್ತದೆ, ಕ್ಷಾರದಲ್ಲಿ ಸಂಸ್ಕರಿಸಿದ ಪುಡಿಯಲ್ಲಿ ಅದೂ ಇರುವುದಿಲ್ಲ. ಯಾವ ಕೋಕೋ ಬಳಸಬೇಕೆಂಬುದನ್ನು ಮಾತ್ರ ಪುಸ್ತಕ ಎಲ್ಲಿಯೂ ಹೇಳುವುದಿಲ್ಲ.

ಓವನ್ನಿನ ಗಾಜಿನ ಬಾಗಿಲ ಮುಂದೆ ಕುಳಿತು ನಾನು ಆ ಕೇಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಹದಿನೈದನೆಯ ನಿಮಿಷಕ್ಕೆ ಅದು ಪಾತ್ರೆಯ ಅಂಚನ್ನು ಮೀರಿ, ಚಿತ್ರದಲ್ಲಿರುವುದಕ್ಕಿಂತ ಚೆಂದವಾಗಿ ಉಬ್ಬಿ ನಿಂತಿತ್ತು. ಇಪ್ಪತ್ತೈದನೆಯ ನಿಮಿಷಕ್ಕೆ ನಡುಭಾಗ ನಡುಗತೊಡಗಿತು, ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ಒಡೆದವು, ನೋಡನೋಡುತ್ತಿದ್ದಂತೆಯೇ ಕೇಕಿನ ಮಧ್ಯೆ ಬಟ್ಟಲಿನಂಥ ಹೊಂಡ ಬಿತ್ತು. ಹಿಟ್ಟು ಮತ್ತು ಮೊಟ್ಟೆ ಬೆಂದು ಗಟ್ಟಿಯಾಗುವ ಮೊದಲೇ ಅನಿಲದ ಗುಳ್ಳೆಗಳು ಒಂದಕ್ಕೊಂದು ಕೂಡಿ ಒಡೆದುಹೋದರೆ, ಕೇಕನ್ನು ಎತ್ತಿಹಿಡಿಯಲು ಒಳಗೆ ಏನೂ ಉಳಿದಿರುವುದಿಲ್ಲ. ಬಾಯಿಗಿಟ್ಟರೆ ಸಾಬೂನಿನ ರುಚಿ. ತಂಗಿ ಹೇಳಿದ್ದೂ ಅಕ್ಷರಶಃ ಇದನ್ನೇ, ಆದರೆ ಪಾತ್ರೆಯನ್ನು ತಾನು ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು ಅವಳು ಅಂದುಕೊಂಡಿದ್ದಳು.

ಪಾತ್ರೆಯ ವಿಷಯವನ್ನೂ ಹೇಳಬೇಕು. “ಒಂದು ದುಂಡನೆಯ ಕೇಕ್ ಪಾತ್ರೆ” ಎಂಬುದು ಅಳತೆಯೇ ಅಲ್ಲ. 20 ಸೆಂಟಿಮೀಟರ್ ಅಗಲದ ಪಾತ್ರೆಯ ತಳ ಸುಮಾರು 314 ಚದರ ಸೆಂಟಿಮೀಟರ್, 23 ಸೆಂಟಿಮೀಟರಿನದು ಸುಮಾರು 415. ಮೂರೇ ಸೆಂಟಿಮೀಟರಿನ ವ್ಯತ್ಯಾಸಕ್ಕೆ ಜಾಗ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ, ಹಿಟ್ಟಿನ ಆಳವೂ ಬೇಯುವ ಸಮಯವೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಕಪ್ಪಿನ ಕತೆಯೂ ಹೀಗೆಯೇ. ಒಂದು ಕಡೆ ಕಪ್ ಎಂದರೆ 240 ಮಿಲಿಲೀಟರ್, ಇನ್ನೊಂದು ಕಡೆ 250. ಹೆಚ್ಚಿನ ದೇಶಗಳಲ್ಲಿ ಟೇಬಲ್ ಚಮಚ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದಲ್ಲಿ 20. ಅದೇ ಕಪ್ಪಿಗೆ ಹಿಟ್ಟನ್ನು ಚಮಚದಿಂದ ಹಗುರವಾಗಿ ತುಂಬಿದರೆ ಸುಮಾರು 120 ಗ್ರಾಂ ಹಿಡಿಯುತ್ತದೆ, ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಆಗಬಹುದು. ಗ್ರಾಂ ಲೆಕ್ಕವನ್ನು ಪಕ್ಕದಲ್ಲಿ ಅಚ್ಚು ಹಾಕಲು ಒಂದು ಸಾಲೂ ಬೇಕಿರಲಿಲ್ಲ.

ಈರುಳ್ಳಿ ಸೂಪು ನನಗೆ ಹೆಚ್ಚು ನೋವು ಕೊಟ್ಟ ಅಡುಗೆ, ಏಕೆಂದರೆ ಅಂದು ಮನೆಗೆ ಊಟಕ್ಕೆ ಜನ ಬರುವವರಿದ್ದರು. ಒಂದು ಕಿಲೋ ಈರುಳ್ಳಿಯನ್ನು ತೆಳುವಾಗಿ ಹೆಚ್ಚಿ, ಬೆಣ್ಣೆಯಲ್ಲಿ ಮಧ್ಯಮ ಉರಿಯ ಮೇಲೆ “ಎಂಟರಿಂದ ಹತ್ತು ನಿಮಿಷ, ಗಾಢ ಕಂದು ಬಣ್ಣ ಬರುವವರೆಗೆ” ಹುರಿಯಬೇಕೆಂದು ಪುಸ್ತಕದಲ್ಲಿದೆ. ಹತ್ತು ನಿಮಿಷವಾದಾಗ ನನ್ನ ಬಾಣಲೆಯಲ್ಲಿದ್ದದ್ದು ನೀರು ಬಿಟ್ಟುಕೊಂಡು ಮೆತ್ತಗಾದ ಬಿಳಿಯ ಈರುಳ್ಳಿ. ಈರುಳ್ಳಿಯ ತೂಕದಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಆ ನೀರು ಆವಿಯಾಗುವ ತನಕ ಬಾಣಲೆಯೊಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. 1912ರಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ವಿವರಿಸಿದ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣವನ್ನೂ ಪರಿಮಳವನ್ನೂ ಕೊಡುವ ಕ್ರಿಯೆ ಚುರುಕಾಗುವುದು 140 ಡಿಗ್ರಿಯ ಹತ್ತಿರಕ್ಕೆ ಬಂದಾಗ. ಅಷ್ಟು ಈರುಳ್ಳಿಗೆ ಮಂದ ಉರಿಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು, ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಇಷ್ಟೆಲ್ಲ ತಿಳಿದಿದ್ದರೂ ಗಡಿಯಾರ ನೋಡಿ ಗಾಬರಿಯಾಗಿ ಉರಿ ಹೆಚ್ಚಿಸಿದೆ. ಅಂಚುಗಳು ಸೀದು ಕರಿಯಾದವು, ಒಳಗಿನ ಎಸಳುಗಳು ಹಸಿಯಾಗಿಯೇ ಉಳಿದವು, ಕಹಿ ಇಡೀ ಪಾತ್ರೆಗೆ ಇಳಿಯಿತು. ಅಚ್ಚಾದ ಸಾಲಿನ ಮುಂದೆ ನನ್ನ ಅನುಭವವೇ ಹಿಂಜರಿಯಿತೆಂದರೆ, ಹೊಸಬರ ಪಾಡೇನು?

ಕಸ್ಟರ್ಡಿನಲ್ಲಿಯೂ ಇಂಥದೇ ತೊಂದರೆಯಾಯಿತು. ಮೊಟ್ಟೆಯ ಹಳದಿ, ಸಕ್ಕರೆ ಮತ್ತು ಹಾಲನ್ನು, ಕಾರ್ನ್‌ಫ್ಲೋರಿನಂಥ ಯಾವ ಪಿಷ್ಟವನ್ನೂ ಸೇರಿಸದೆ, “ಕುದಿ ಬರುವವರೆಗೆ” ಕಾಯಿಸಿರಿ ಎಂದಿದೆ. ಪಿಷ್ಟವಿಲ್ಲದ ಕಸ್ಟರ್ಡ್ 82 ಡಿಗ್ರಿಯ ಸುಮಾರಿಗೆ ಚಮಚದ ಹಿಂಬದಿಗೆ ಅಂಟುವ ಹದಕ್ಕೆ ಬರುತ್ತದೆ, ಅಲ್ಲಿಂದ ಕೆಲವೇ ಡಿಗ್ರಿ ಮೇಲೇರಿದರೆ ಒಡೆದು ಗಂಟುಗಂಟಾಗುತ್ತದೆ. ಬ್ರೆಡ್ಡಿನ ಪುಟದಲ್ಲಿ ಯೀಸ್ಟ್ 20 ಗ್ರಾಂ ಎಂದಿದೆ, ಹಸಿಯದೋ ಒಣಗಿಸಿದ್ದೋ ತಿಳಿಯದು. ಹಸಿ ಯೀಸ್ಟ್ ಇನ್‌ಸ್ಟಂಟ್ ಒಣ ಯೀಸ್ಟಿನ ಸುಮಾರು ಮೂರು ಪಟ್ಟು ಬೇಕಾಗುವುದರಿಂದ ಇದು ಸಣ್ಣ ಲೋಪವಲ್ಲ. ಉಪ್ಪಿನ ಅಳತೆಯೂ ಹಾಗೆಯೇ: ಪುಡಿಯುಪ್ಪು ಒಂದು ಟೀ ಚಮಚಕ್ಕೆ ಸುಮಾರು 6 ಗ್ರಾಂ ತೂಗಿದರೆ, ಹಗುರವಾದ ಪದರಪದರದ ಉಪ್ಪು ಅದರ ಅರ್ಧದಷ್ಟೇ ತೂಗಬಹುದು. ಇಡಿಯ ಕೋಳಿಯನ್ನು “ಹೊಂಬಣ್ಣ ಬರುವವರೆಗೆ” ಸುಡಬೇಕೆಂದು ಹೇಳಿ ಸುಮ್ಮನಾಗಿರುವುದನ್ನು ಮಾತ್ರ ನಾನು ಕ್ಷಮಿಸಲಾರೆ, ಏಕೆಂದರೆ ಮೇಲೆ ಹೊಂಬಣ್ಣ ಬಂದರೂ ಎಲುಬಿನ ಹತ್ತಿರ ಹಸಿಯಿರಬಹುದು. ದಪ್ಪ ಭಾಗದ ಒಳಗೆ 74 ಡಿಗ್ರಿ ತಲುಪಿರಬೇಕೆಂಬ ಒಂದು ಮಾತು ತಿನ್ನುವವರ ಆರೋಗ್ಯಕ್ಕೆ ಸಂಬಂಧಿಸಿದ್ದು.

ಇಂಥ ಪುಸ್ತಕಗಳು ಹೀಗಾಗುವುದಕ್ಕೆ ಕಾರಣಗಳಿವೆ. ಮುಖಪುಟದ ಮೇಲೆ ಹೆಸರಿರುವವರೇ ಎಲ್ಲವನ್ನೂ ಬರೆದಿರುವುದಿಲ್ಲ, ಮರೆಯಲ್ಲಿ ಬೇರೆ ಬರಹಗಾರರು ಕೆಲಸ ಮಾಡಿರುವುದು ಪ್ರಕಾಶನದಲ್ಲಿ ಸಾಮಾನ್ಯ. ಕೆಲವು ಅಡುಗೆಗಳು ಹೋಟೆಲಿನ ಅಡುಗೆಮನೆಯಿಂದ ಬಂದು, ನಲವತ್ತು ಜನರ ಅಳತೆಯನ್ನು ನಾಲ್ಕು ಜನಕ್ಕೆ ಭಾಗಿಸಿಕೊಂಡಿರುತ್ತವೆ. ಸಾಮಾನನ್ನು ಭಾಗಿಸಬಹುದು, ಆದರೆ ನೀರು ಆವಿಯಾಗುವ ಸಮಯವನ್ನಾಗಲಿ ಹೋಟೆಲಿನ ಒಲೆಯ ಉರಿಯನ್ನಾಗಲಿ ಹಾಗೆ ಭಾಗಿಸಲು ಬರುವುದಿಲ್ಲ. ಚಿತ್ರಕ್ಕಾಗಿ ಅಡುಗೆಯನ್ನು ಅಣಿಮಾಡುವವರು ಬೇರೆಯೇ ಇರುತ್ತಾರೆ, ಆದ್ದರಿಂದ ಚಿತ್ರ ಚೆಂದವಿದ್ದ ಮಾತ್ರಕ್ಕೆ ಪಕ್ಕದ ಅಳತೆ ಸರಿಯೆಂದು ನಂಬುವಂತಿಲ್ಲ. ಬರೆದದ್ದನ್ನು ಬರೆದವರಲ್ಲದ ಒಬ್ಬರು ಸಾಧಾರಣ ಮನೆಯ ಒಲೆಯ ಮೇಲೆ ಒಮ್ಮೆ ಮಾಡಿ ನೋಡಿದ್ದರೆ ಆರು ಪಟ್ಟು ಸೋಡಾ ಅಚ್ಚಿಗೆ ಹೋಗುತ್ತಿರಲಿಲ್ಲ. ಆ ಒಂದು ದಿನದ ಶ್ರಮವನ್ನು ಉಳಿಸಿದ್ದರ ದಂಡವನ್ನು ತೆತ್ತವಳು ನನ್ನ ತಂಗಿ.

ಪುಸ್ತಕದಲ್ಲಿ ಒಳ್ಳೆಯದೂ ಇದೆ. ತರಕಾರಿಗಳನ್ನು 200 ಡಿಗ್ರಿಯಲ್ಲಿ ಸುಡುವ ಎರಡು ವಿಧಾನಗಳು, ಬೇಳೆಯ ಸೂಪು, ಮೂರು ಬಗೆಯ ಸಲಾಡುಗಳು ಹೇಳಿದಂತೆಯೇ ಬಂದವು, ರುಚಿಯ ಜೋಡಣೆಯಲ್ಲಿ ನಿಜವಾದ ಪ್ರೀತಿಯೂ ಕಾಣುತ್ತದೆ. ಅಳತೆ ತುಸು ಅತ್ತಿತ್ತ ಆದರೂ ಕೆಡದ ಅಡುಗೆಗಳು ಅವು. ಆ ಪುಟಗಳಿಗಾಗಿ ಪುಸ್ತಕವನ್ನು ಯಾರಿಂದಲಾದರೂ ಎರವಲು ಪಡೆಯಬಹುದು, ಆದರೆ ಕೊಳ್ಳಲು, ಅದರಲ್ಲಿಯೂ ಅಡುಗೆ ಕಲಿಯುತ್ತಿರುವವರಿಗೆ ಕೊಡಲು, ನಾನು ಹೇಳಲಾರೆ.

ಕೇಕಿನ ಪುಟದ ಅಂಚಿನಲ್ಲಿ ಈಗ ನನ್ನ ಪೆನ್ಸಿಲಿನ ಬರಹವಿದೆ: ಮೈದಾ 250 ಗ್ರಾಂ, ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲಿನ ಅರ್ಧ ಪಾಲು ತೆಗೆದು ಅಷ್ಟೇ ಮೊಸರು, 23 ಸೆಂಟಿಮೀಟರ್ ಪಾತ್ರೆ, 180 ಡಿಗ್ರಿ, ಮೂವತ್ತೈದನೆಯ ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡುವುದು. ಕಳೆದ ಭಾನುವಾರ ತಂಗಿಯನ್ನು ಕರೆದು, ನಾನು ಕೈ ಹಾಕದೆ, ಅವಳಿಂದಲೇ ಮಾಡಿಸಿದೆ. ನಡುಭಾಗ ಕುಸಿಯಲಿಲ್ಲ. ಅವಳು ಕಡ್ಡಿಯನ್ನು ಮೂರು ಕಡೆ ಚುಚ್ಚಿ, ಮೂರು ಸಲವೂ ಬೆಳಕಿಗೆ ಹಿಡಿದು ನೋಡಿದಳು.