ಐದು ವರ್ಷ, ಒಂದು ಫೋನ್, ಮೂರು ಬ್ಯಾಟರಿ: ರಾಯಚೂರಿನ ಬಿಸಿಲಲ್ಲಿ ಬಳಸಿದವನ ವಿಮರ್ಶೆ

2020ರ ಅಕ್ಟೋಬರ್‌ನಲ್ಲಿ ದಸರಾ ಆಫರ್ ನಡೆಯುತ್ತಿದ್ದಾಗ ಒಂದೇ ಮಾಡೆಲ್‌ನ ಎರಡು ಫೋನ್ ತರಿಸಿದೆ. ಒಂದು ನನಗೆ, ಒಂದು ಅಕ್ಕನಿಗೆ. ಒಂದೊಂದಕ್ಕೆ 11,999 ರೂಪಾಯಿ. ಡಬ್ಬಿಯ ಮೇಲೆ 5000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಅಂತ ದೊಡ್ಡದಾಗಿ ಬರೆದಿತ್ತು. ನಾನು ದುಡ್ಡು ಕೊಟ್ಟಿದ್ದೇ ಆ ಸಂಖ್ಯೆ ನೋಡಿ. ನನ್ನದು ಬೀಜದ ಕಂಪನಿಯಲ್ಲಿ ಫೀಲ್ಡ್ ಕೆಲಸ. ಮಾನ್ವಿ, ಸಿಂಧನೂರು, ಮಸ್ಕಿ ಅಂತ ದಿನಾ ಬೈಕ್ ಮೇಲೇ ಇರುತ್ತೇನೆ. ಅಕ್ಕ ಇರುವುದು ಮಡಿಕೇರಿಯಲ್ಲಿ. ಭಾವನಿಗೆ ಬ್ಯಾಂಕ್ ನೌಕರಿ, ವರ್ಗವಾಗಿ ಹೋದವರು ಅಲ್ಲೇ ಮನೆ ಮಾಡಿಕೊಂಡರು.

ಫೋನಿನ ಹೆಸರು ಬರೆಯುತ್ತಿಲ್ಲ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಇಲ್ಲಿ ಹೇಳುವುದು ನಿಮ್ಮ ಕೈಯಲ್ಲಿರುವ ಫೋನಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಬ್ಯಾಟರಿ ಬಿಟ್ಟು ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಸ್ಕ್ರೀನ್ ಇವತ್ತಿಗೂ ಚೆನ್ನಾಗಿದೆ. ಕ್ಯಾಮೆರಾ ಹಗಲಲ್ಲಿ ಪರವಾಗಿಲ್ಲ, ಹತ್ತಿ ಎಲೆಯ ಹಿಂದಿನ ಹುಳ ಕಾಣುವಷ್ಟು ಬರುತ್ತದೆ. ರಾತ್ರಿ ಫೋಟೋ ಮರೆತುಬಿಡಿ. ಅಪ್‌ಡೇಟ್ 2023ಕ್ಕೇ ನಿಂತಿತು. ಕೈ ಜಾರಿ ಗದ್ದೆ ಕೆಸರಿಗೆ ಎರಡು ಸಲ ಬಿದ್ದಿದೆ, ಒರೆಸಿ ಜೇಬಿಗಿಟ್ಟುಕೊಂಡಿದ್ದೇನೆ.

ಮೊದಲ ವರ್ಷ ಬ್ಯಾಟರಿ ಬಗ್ಗೆ ಊರಿಗೆಲ್ಲ ಹೊಗಳಿಕೊಂಡು ತಿರುಗಿದೆ. ಬೆಳಿಗ್ಗೆ 6ಕ್ಕೆ 100 ಪರ್ಸೆಂಟ್ ಇದ್ದರೆ ರಾತ್ರಿ 10ಕ್ಕೆ ಇನ್ನೂ 35 ಇರುತ್ತಿತ್ತು. ಇಡೀ ದಿನ ಮ್ಯಾಪ್, ನೂರು ಫೋನ್ ಕರೆ, ವಾಟ್ಸಾಪ್, ಎಲ್ಲ ಮಾಡಿಯೂ. ಎರಡನೇ ಬೇಸಿಗೆ ಹೊತ್ತಿಗೆ ಸಂಜೆ 6ಕ್ಕೇ 15ಕ್ಕೆ ಬಂದು ನಿಲ್ಲತೊಡಗಿತು. ಯಾವುದೋ ಆ್ಯಪ್ ತಿನ್ನುತ್ತಿದೆ ಅಂದುಕೊಂಡೆ. ಸುಮ್ನೆ ಹತ್ತಾರು ಆ್ಯಪ್ ಅಳಿಸಿದೆ. ಏನೂ ಬದಲಾಗಲಿಲ್ಲ.

2022ರ ಮೇ ತಿಂಗಳು. ಸಿಂಧನೂರಿನ ಖಾನಾವಳಿಯೊಂದರಲ್ಲಿ ರೊಟ್ಟಿ ಊಟ ಮುಗಿಸಿ ದುಡ್ಡು ಕೊಡೋಣ ಅಂತ ಸ್ಕ್ಯಾನ್ ಮಾಡಲು ಕ್ಯಾಮೆರಾ ತೆರೆದೆ. ಫೋನ್‌ನಲ್ಲಿ 19 ಪರ್ಸೆಂಟ್ ಚಾರ್ಜ್ ಇತ್ತು. ಪಟ್ ಅಂತ ಆಫ್ ಆಯಿತು. ಜೇಬಿನಲ್ಲಿದ್ದದ್ದು 40 ರೂಪಾಯಿ. ಖಾನಾವಳಿ ನಡೆಸುವ ಅವ್ವ ನನ್ನ ಮುಖ ನೋಡಿ, “ಇರ್ಲಿ ಬಿಡೋ ತಮ್ಮ, ನಾಳಿ ಬಂದಾಗ ಕೊಡು” ಅಂದರು. ಮಾನ ಉಳಿಯಿತು. ಬೈಕಿನ ಯುಎಸ್‌ಬಿಗೆ ಸಿಕ್ಕಿಸಿದರೆ ಫೋನ್ ಏನೂ ಆಗಿಲ್ಲ ಎಂಬಂತೆ ಎದ್ದು 17 ಅಂತ ತೋರಿಸಿತು!

ಹಾಗಾದರೆ ಆ 17 ಪರ್ಸೆಂಟ್ ಸುಳ್ಳಾ? ಪೂರ್ತಿ ಸುಳ್ಳಲ್ಲ. ಬ್ಯಾಟರಿ ಹಳೆಯದಾದಂತೆ ಎರಡು ತೊಂದರೆ ಒಟ್ಟಿಗೆ ಶುರುವಾಗುತ್ತವೆ. ಹಿಡಿಯುವ ಚಾರ್ಜ್ ಕಡಿಮೆಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಜೊತೆಗೆ ಒಳಗಿನ ಪ್ರತಿರೋಧ ಜಾಸ್ತಿಯಾಗುತ್ತದೆ. ಟ್ಯಾಂಕಿನಲ್ಲಿ ನೀರಿದೆ, ಪೈಪ್ ಕಟ್ಟಿಕೊಂಡಿದೆ ಅಂದುಕೊಳ್ಳಿ. ಸಣ್ಣಗೆ ನಲ್ಲಿ ಬಿಟ್ಟರೆ ನೀರು ಬರುತ್ತದೆ, ಪೂರ್ತಿ ತಿರುಗಿಸಿದರೆ ಒತ್ತಡ ಸಾಲದು. ಬಿಸಿಲಲ್ಲಿ ಸ್ಕ್ರೀನ್ ಬೆಳಕು ಪೂರ್ತಿ ಇಟ್ಟು, ಮೇಲೆ ಕ್ಯಾಮೆರಾ ತೆರೆದಾಗ ಫೋನ್ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು ಫೋನ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. 2017ರಲ್ಲಿ ಆಪಲ್ ಸುದ್ದಿಯಾಗಿದ್ದು ಇದೇ ವಿಷಯಕ್ಕೆ. ಹಳೇ ಬ್ಯಾಟರಿಯ ಐಫೋನ್‌ಗಳು ಹೀಗೆ ಆಫ್ ಆಗದಿರಲಿ ಅಂತ ಅವುಗಳ ವೇಗವನ್ನೇ ತಗ್ಗಿಸುತ್ತಿದ್ದೇವೆ ಅಂತ ಆ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಜನ ಸಿಟ್ಟಾದರು. ಕಂಪನಿ ಬ್ಯಾಟರಿ ಬದಲಾವಣೆ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ನನ್ನದು ಅಷ್ಟು ಜಾಣ ಫೋನ್ ಅಲ್ಲ. ನಿಧಾನ ಆಗುವುದಿಲ್ಲ, ನೇರ ಮಲಗುತ್ತದೆ.

ಆ ರಾತ್ರಿಯೇ ಆಕ್ಯುಬ್ಯಾಟರಿ ಎಂಬ ಆ್ಯಪ್ ಹಾಕಿಕೊಂಡೆ. ಚಾರ್ಜ್ ಆಗುವಾಗ ಒಳಗೆ ಎಷ್ಟು ಕರೆಂಟ್ ಹೋಯಿತು ಅಂತ ಎಣಿಸಿ ಬ್ಯಾಟರಿಯ ಈಗಿನ ಸಾಮರ್ಥ್ಯ ಅಂದಾಜು ಮಾಡುತ್ತದೆ. ಒಂದೆರಡು ಸಲದ ಲೆಕ್ಕ ನಂಬಬೇಡಿ, ಒಂದು ವಾರವಾದರೂ ಬಿಡಿ. ವಾರ ಕಳೆದ ಮೇಲೆ ನನ್ನದು 4,020 ಎಂಎಎಚ್ ತೋರಿಸಿತು. ಐದರಲ್ಲಿ ಒಂದು ಪಾಲು ಹತ್ತೊಂಬತ್ತು ತಿಂಗಳಲ್ಲೇ ಮಾಯ. ಅಕ್ಕನಿಗೂ ಫೋನ್ ಮಾಡಿ ಅದೇ ಆ್ಯಪ್ ಹಾಕಿಸಿದೆ. ಅವಳದ್ದು 4,560. ಒಂದೇ ದಿನ, ಒಂದೇ ಡಬ್ಬಿಯಲ್ಲಿ ಬಂದ ಫೋನುಗಳು!

ನ್ಯಾಯವಾಗಿ ಹೇಳಬೇಕೆಂದರೆ ಅಕ್ಕ ಬಳಸುವುದೇ ಕಡಿಮೆ. ಅವಳು ಎರಡು ದಿನಕ್ಕೊಮ್ಮೆ ಚಾರ್ಜ್ ಹಾಕುತ್ತಾಳೆ, ನಾನು ಮೊದಲ ವರ್ಷ ಕಳೆದ ಮೇಲೆ ದಿನಕ್ಕೊಮ್ಮೆ ಹೆಚ್ಚುಕಡಿಮೆ ಪೂರ್ತಿ ಖಾಲಿ ಮಾಡುತ್ತಿದ್ದೆ. ಸೈಕಲ್ ಅಂತ ಕಂಪನಿಗಳು ಎಣಿಸುವುದು ಇದನ್ನೇ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಒಂದು ಸೈಕಲ್. ಎಷ್ಟು ಸಲ ಸಿಕ್ಕಿಸಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಸೈಕಲ್ ಆದ ಮೇಲೆ 80 ಪರ್ಸೆಂಟ್ ಉಳಿಯುವಂತೆ ಮಾಡಿದವು, 15ರಿಂದ ಅದು 1000 ಅಂತ ಆಪಲ್ ಹೇಳುತ್ತದೆ. ಯುರೋಪಿನಲ್ಲಂತೂ 2025ರ ಜೂನ್ 20ರಿಂದ ಕಾನೂನೇ ಬಂದಿದೆ, ಮಾರುಕಟ್ಟೆಗೆ ಬಿಡುವ ಹೊಸ ಫೋನ್ 800 ಸೈಕಲ್ ಆದ ಮೇಲೂ 80 ಪರ್ಸೆಂಟ್ ಹಿಡಿಯಬೇಕು. ಮೊದಲ ವರ್ಷ ದಿನಕ್ಕೆ 65 ಪರ್ಸೆಂಟ್, ಆಮೇಲೆ ದಿನಕ್ಕೊಂದು ಪೂರ್ತಿ ಅಂತ ಹಿಡಿದರೆ ನನ್ನ ಲೆಕ್ಕದಲ್ಲಿ 19 ತಿಂಗಳಿಗೆ ಸುಮಾರು 450 ಸೈಕಲ್. ಹಾಗೆ ನೋಡಿದರೆ ಫೋನಿನದ್ದು ತಪ್ಪಿಲ್ಲ, ಆಯಸ್ಸೇ ಅಷ್ಟು.

ಆದರೆ ಬಿಸಿಲಿನ ಪಾಲೂ ಇದೆ. ಅದು ಸಣ್ಣದಲ್ಲ.

ನಮ್ಮೂರ ಬೋರ್ ನೀರು ಕಾಯಿಸುವ ಕಾಯಿಲ್ ನೋಡಿದ್ದೀರಾ? ಎರಡು ತಿಂಗಳಿಗೆ ಬಿಳಿ ಪೊರೆ ಕಟ್ಟುತ್ತದೆ. ಲಿಥಿಯಂ ಬ್ಯಾಟರಿ ಒಳಗೂ ಹೆಚ್ಚುಕಡಿಮೆ ಅದೇ ಕಥೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಯ ಗ್ರಾಫೈಟ್ ಪದರಗಳಲ್ಲಿ ಹೋಗಿ ಕೂರುತ್ತವೆ, ಬಳಸುವಾಗ ವಾಪಸ್ ಬರುತ್ತವೆ. ನಡುವಿನ ದ್ರಾವಣ ಗ್ರಾಫೈಟ್ ಜೊತೆ ಸೇರಿ ಅದರ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಮೊದಲ ಪೊರೆ ಬೇಕೇ ಬೇಕು, ಅದಿಲ್ಲದಿದ್ದರೆ ಬ್ಯಾಟರಿ ಬಾಳುವುದೇ ಇಲ್ಲ. ಆದರೆ ಅದು ಬೆಳೆಯುತ್ತಲೇ ಹೋಗುತ್ತದೆ, ಬೆಳೆದಷ್ಟೂ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದು ಮತ್ತೆ ಓಡಾಡುವುದಿಲ್ಲ. ಹೋಗಿದ್ದು ಹೋಯಿತು. ಕಾಯಿಲ್‌ನಂತೆ ನಿಂಬೆಹಣ್ಣು ಹಾಕಿ ಉಜ್ಜಲೂ ಬರುವುದಿಲ್ಲ. ಬಿಸಿ ಜಾಸ್ತಿ ಇದ್ದಾಗ, ಚಾರ್ಜ್ ತುಂಬಿ ನಿಂತಾಗ ಈ ಪೊರೆ ಬೇಗ ಬೆಳೆಯುತ್ತದೆ.

ಬಳಸದೇ ಸುಮ್ನೆ ಇಟ್ಟರೂ ಹೀಗೇ. ಬ್ಯಾಟರಿ ಯೂನಿವರ್ಸಿಟಿ ಎಂಬ ಜಾಲತಾಣ ಕೊಡುವ ಅಂದಾಜು ನೋಡಿ. ಒಂದು ವರ್ಷ 25 ಡಿಗ್ರಿಯಲ್ಲಿ 40 ಪರ್ಸೆಂಟ್ ಚಾರ್ಜ್ ಇಟ್ಟರೆ ಸಾಮರ್ಥ್ಯ 96 ಪರ್ಸೆಂಟ್ ಉಳಿಯುತ್ತದೆ. 40 ಡಿಗ್ರಿಯಲ್ಲಿ ಪೂರ್ತಿ ತುಂಬಿ ಇಟ್ಟರೆ ಉಳಿಯುವುದು 65. ಓದಿದಾಗ ಮೊದಲು ನೆನಪಾಗಿದ್ದು ನನ್ನ ಬೈಕ್.

ಹ್ಯಾಂಡಲ್ ಮೇಲೆ ಮೊಬೈಲ್ ಸ್ಟ್ಯಾಂಡ್. ಧೂಳು, ಮಳೆ ತಾಗದಿರಲಿ ಅಂತ ಅದಕ್ಕೆ ಪ್ಲಾಸ್ಟಿಕ್ ಚೀಲ. ಏಪ್ರಿಲ್ ಮಧ್ಯಾಹ್ನ ಹೊರಗೆ 42 ಡಿಗ್ರಿ. ಮ್ಯಾಪ್ ಓಡುತ್ತಿದೆ, ಸ್ಕ್ರೀನ್ ಪೂರ್ತಿ ಬೆಳಕಲ್ಲಿದೆ, ಬೈಕಿನಿಂದ ಚಾರ್ಜೂ ಆಗುತ್ತಿದೆ. ಆ್ಯಪ್‌ನಲ್ಲಿ ನೋಡಿದರೆ ಬ್ಯಾಟರಿ ಬಿಸಿ 47! ಸುತ್ತಲಿನ ಬಿಸಿ 35 ಡಿಗ್ರಿ ದಾಟಿದರೆ ಬ್ಯಾಟರಿಗೆ ಕಾಯಂ ಪೆಟ್ಟು ಬೀಳಬಹುದು ಅಂತ ಆಪಲ್ ತನ್ನ ಗ್ರಾಹಕರಿಗೆ ಹೇಳುತ್ತದೆ. ನಮ್ಮಲ್ಲಿ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ 35ಕ್ಕಿಂತ ಕೆಳಗೆ ಇಳಿದ ದಿನ ಬೆರಳೆಣಿಕೆ. ಮಡಿಕೇರಿಯಲ್ಲಿ ಅಕ್ಕ ಏಪ್ರಿಲ್‌ನಲ್ಲೂ ರಾತ್ರಿ ಹೊದ್ದುಕೊಂಡು ಮಲಗುತ್ತಾಳೆ.

ಇದನ್ನೆಲ್ಲ ಭಾವನಿಗೆ ಹೇಳಿದರೆ ಅವರು ಒಪ್ಪಲಿಲ್ಲ. ತಿಂಗಳಿಗೊಮ್ಮೆ ಪೂರ್ತಿ ಸೊನ್ನೆಗೆ ಇಳಿಸಿ 100 ಮಾಡುವುದರಿಂದಲೇ ಅಕ್ಕನ ಫೋನ್ ಚೆನ್ನಾಗಿದೆ ಅನ್ನುವುದು ಅವರ ವಾದ. ಅದು ಹಳೇ ನಿಕಲ್ ಬ್ಯಾಟರಿ ಕಾಲದ ಮಾತು. ಲಿಥಿಯಂಗೆ ಅದರಿಂದ ಲಾಭವಿಲ್ಲ. ಪರ್ಸೆಂಟ್ ತೋರಿಸುವ ಲೆಕ್ಕ ತಪ್ಪಿದ್ದರೆ ಸರಿಹೋಗಬಹುದು, ಅಷ್ಟೇ. ದೊಡ್ಡವರ ಜೊತೆ ಎಷ್ಟು ವಾದ ಮಾಡುವುದು, ಬಿಟ್ಟೆ.

2023ರ ಜೂನ್‌ಗೆ ನನ್ನದು 3,550ಕ್ಕೆ ಇಳಿದಿತ್ತು. ಮಧ್ಯಾಹ್ನಕ್ಕೇ ಪವರ್ ಬ್ಯಾಂಕ್ ಬೇಕು. ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಹುಡುಗ ಹೊಸ ಬ್ಯಾಟರಿ ತೋರಿಸಿ, “ಒರಿಜಿನಲ್ ಐತಣ್ಣ, ಕಣ್ಮುಚ್ಚಿ ಹಾಕ್ಸ್ರಿ” ಅಂದ. 500 ರೂಪಾಯಿ, ಇಪ್ಪತ್ತು ನಿಮಿಷದ ಕೆಲಸ. ಲೇಬಲ್ ಮೇಲೆ 5000 ಅಂತಲೇ ಇತ್ತು. ವಾರ ಬಿಟ್ಟು ಆ್ಯಪ್ ನೋಡಿದರೆ 3,120. ಬಿಚ್ಚಿಸಿ ಎಸೆದ ಹಳೇ ಬ್ಯಾಟರಿಯೇ ಇದಕ್ಕಿಂತ ಮೇಲಿತ್ತು! ಕೇಳಲು ಹೋದರೆ, “ಆ್ಯಪ್ ಎಲ್ಲ ಸುಳ್ಳು ಹೇಳ್ತಾವಣ್ಣ” ಅಂದ. ಆ್ಯಪ್ ಅಂದಾಜು ಅನ್ನುವುದು ನಿಜ, ಆದರೆ ಸಂಜೆ 5ಕ್ಕೆ ಫೋನ್ ಸಾಯುವುದು ಅಂದಾಜಲ್ಲ.

ಡಿಸೆಂಬರ್‌ನಲ್ಲಿ ಹಿಂದಿನ ಮುಚ್ಚಳ ಒಂದು ಕಡೆ ಎದ್ದಿತ್ತು. ಕವರ್ ಬಿಗಿಯಾಗಿದೆ ಅಂದುಕೊಂಡು ಬೆರಳಿನಿಂದ ಒತ್ತಿ ಕೂರಿಸಲು ನೋಡಿದೆ. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಬ್ಯಾಟರಿ ಉಬ್ಬಿತ್ತು. ಒಳಗಿನ ದ್ರಾವಣ ಒಡೆದು ಗ್ಯಾಸ್ ಆದಾಗ ಹೀಗಾಗುತ್ತದೆ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು. ಒಳಗೆ ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಅವತ್ತು ಆಫ್ ಮಾಡಿ ಅಂಗಳದ ಕಲ್ಲಿನ ಮೇಲೆ ಇಟ್ಟೆ. ಅಮ್ಮ ಅದಕ್ಕೆ ಹಾವು ಕಂಡಂತೆ ದೂರದಿಂದ ಸುತ್ತು ಹಾಕುತ್ತಿದ್ದಳು.

2024ರ ಜನವರಿಯಲ್ಲಿ ಕಂಪನಿಯ ಸರ್ವೀಸ್ ಸೆಂಟರ್‌ಗೇ ಹೋದೆ. 1,480 ರೂಪಾಯಿ. ಬ್ಯಾಟರಿ ತರಿಸಲು ಒಂಬತ್ತು ದಿನ ಕಾಯಿಸಿದರು, ಮೂರು ಸಲ ಓಡಾಡಿಸಿದರು, ಅದೊಂದು ಬೇಸರ. ಉಬ್ಬಿದ್ದನ್ನು ಅವರೇ ಇಟ್ಟುಕೊಂಡರು. ನೀವೂ ಅಲ್ಲಿಗೇ ಕೊಡಿ, ಕಸದ ಗಾಡಿಗೆ ಹಾಕಬೇಡಿ. ಹೊಸದು 4,810 ತೋರಿಸಿತು. ಫೋನ್ ಮತ್ತೆ 2020ಕ್ಕೆ ಹೋದ ಹಾಗಾಯಿತು. ನಾನು ಆ ಹೊತ್ತಿಗೆ 16,000ದ ಹೊಸ ಫೋನ್ ನೋಡಿಟ್ಟಿದ್ದೆ, ಅದನ್ನು ಕೈಬಿಟ್ಟೆ.

ಈ ಸಲ ಕೆಲವು ಅಭ್ಯಾಸ ಬದಲಿಸಿದ್ದೇನೆ. ಸ್ಟ್ಯಾಂಡಿನ ಪ್ಲಾಸ್ಟಿಕ್ ಚೀಲ ಹೋಯಿತು. ದಾರಿ ಗೊತ್ತಿದ್ದರೆ ಫೋನ್ ಬ್ಯಾಗಿನಲ್ಲೇ ಇರುತ್ತದೆ, ದನಿ ಕೇಳಿಕೊಂಡು ಹೋಗುತ್ತೇನೆ. ಬಿಸಿಲಲ್ಲಿ ಬೈಕಿನಿಂದ ಚಾರ್ಜ್ ಮಾಡುವುದು ಬಂದ್. ರಾತ್ರಿಯಿಡೀ ಸಿಕ್ಕಿಸಿ ಮಲಗುವುದನ್ನೂ ಬಿಟ್ಟೆ, ಬೆಳಿಗ್ಗೆ ಸ್ನಾನ, ತಿಂಡಿ ಆಗುವಷ್ಟರಲ್ಲಿ 85 ಆಗಿರುತ್ತದೆ. ನನ್ನ ಫೋನಿನಲ್ಲಿ 80ಕ್ಕೆ ತಾನೇ ನಿಲ್ಲಿಸುವ ಸೌಲಭ್ಯ ಇಲ್ಲ. ಈಗಿನ ಹಲವು ಫೋನುಗಳಲ್ಲಿ ಇದೆ, ಹುಡುಕಿ ಆನ್ ಮಾಡಿಕೊಳ್ಳಿ. ದೂರದ ಊರಿಗೆ ಹೋಗುವ ದಿನ ಮಾತ್ರ 100 ಮಾಡುತ್ತೇನೆ. ಬ್ಯಾಟರಿ ಉಳಿಸಲು ಹೋಗಿ ದಾರಿಯಲ್ಲಿ ಫೋನ್ ಸತ್ತರೆ ಏನು ಬಂತು ಅಲ್ವಾ?

ಮೊದಲ ಬ್ಯಾಟರಿ 19 ತಿಂಗಳಿಗೆ 4,020ಕ್ಕೆ ಬಂದಿತ್ತು. ಇದು 22 ತಿಂಗಳಾದರೂ 4,370 ಇದೆ. ಅದೇ ಕೆಲಸ, ಅದೇ ರಸ್ತೆ. ಆದರೆ ಯಾವ ಅಭ್ಯಾಸದ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ, ಎಲ್ಲ ಒಟ್ಟಿಗೇ ಬದಲಿಸಿದ್ದೇನಲ್ಲ.

ನನ್ನ ಅಂಕ: ಫೋನಿಗೆ ಐದಕ್ಕೆ ನಾಲ್ಕು, ಸರ್ವೀಸ್ ಸೆಂಟರ್‌ಗೆ ಮೂರು, 500 ರೂಪಾಯಿಯ ಬ್ಯಾಟರಿಗೆ ಸೊನ್ನೆ. ಇಂಥ ಹಳೇ ಫೋನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಮೊದಲು ಮುಚ್ಚಳದ ಅಂಚು ಸವರಿ ನೋಡಿ, ಆಮೇಲೆ 20 ಪರ್ಸೆಂಟ್‌ಗೆ ಇಳಿಸಿ ಕ್ಯಾಮೆರಾ ತೆರೆಯಿರಿ. ಆಫ್ ಆದರೆ ಬೆಲೆಯಲ್ಲಿ ಹೊಸ ಬ್ಯಾಟರಿಯ ದುಡ್ಡು ಕಡಿಮೆ ಮಾಡಿಸಿ.

ಅಕ್ಕನ ಫೋನ್ ಇನ್ನೂ ಮೊದಲ ಬ್ಯಾಟರಿಯಲ್ಲೇ ಇದೆ. ಮೊನ್ನೆ ದೀಪಾವಳಿಗೆ ಬಂದಾಗ ನೋಡಿದೆ, 3,980. ಭಾವ ಪಕ್ಕದಲ್ಲೇ ಕೂತಿದ್ದರು. “ನೋಡಿದ್ಯಾ, ನಾನು ಹೇಳಿರಲಿಲ್ವಾ?” ಅಂದರು.