ಹಳೇ ಜಿಪ್ಸಿಯ ಮಿಸ್ಸಿಂಗ್ ಹಿಡಿಯಲು ವ್ಯಾಕ್ಯೂಮ್ ಗೇಜ್: ಕೊಳ್ಳಬಹುದೇ?

ಕಾರ್ಬೊರೇಟರ್ ಇರುವ ಹಳೇ ಮಾರುತಿ ಜಿಪ್ಸಿ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವಾಗ, ನಡುಗಲು ಶುರುವಾದರೆ ನಮ್ಮ ಪುಣೆಯ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳುವ ಮರಾಠಿ ಮಾತು ‘ಕಾರ್ಬೊರೇಟರ್ ಗೇಲಾ’ (ಕಾರ್ಬೊರೇಟರ್ ಹೋಯಿತು). ಕಿಟ್ ಹಾಕಿಸಿ, ಪ್ಲಗ್ ಬದಲಿಸಿ, ಕಾಯಿಲ್ ಬದಲಿಸಿದ ಮೇಲೂ ಗಾಡಿ ಮಿಸ್ ಹೊಡೆಯುತ್ತಲೇ ಇರುತ್ತದೆ, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ. ಏನನ್ನಾದರೂ ಬಿಚ್ಚುವ ಮೊದಲು ಹತ್ತು ನಿಮಿಷ ವ್ಯಾಕ್ಯೂಮ್ ಗೇಜ್, ಅಂದರೆ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಮೀಟರ್, ಸಿಕ್ಕಿಸಿ ನೋಡಿ. ಒಂದು ಡಯಲ್, ಒಂದು ರಬ್ಬರ್ ಪೈಪು, ಒಂದೆರಡು ಟಿ-ಜಾಯಿಂಟ್, ಇಷ್ಟೇ ಇದರ ಸೆಟ್. 2000ದಲ್ಲಿ ಬಂದ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿಗೂ ಇದು ಆಗುತ್ತದೆ. ಆದರೆ ದೋಷ ಓದುವ ಎಲೆಕ್ಟ್ರಾನಿಕ್ ಸ್ಕ್ಯಾನರ್ ಹಾಕಲು ಜಾಗವೇ ಇಲ್ಲದ ಕಾರ್ಬೊರೇಟರ್ ಗಾಡಿಗೇ ಇದರ ಹೆಚ್ಚಿನ ಉಪಯೋಗ.

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ತೆರೆದಿರಬೇಕು, ಹೆಡ್‌ಲೈಟ್ ಆರಿಸಿರಬೇಕು. ಪೈಪನ್ನು ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೇ ಜೋಡಿಸಬೇಕು. ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪಿನಲ್ಲಿ, ಚೆಕ್ ವಾಲ್ವಿಗಿಂತ ಮೊದಲು, ಮ್ಯಾನಿಫೋಲ್ಡ್ ಕಡೆಗೆ ಟಿ ಹಾಕಿ. ಸ್ಲೋದಲ್ಲಿ ಮುಳ್ಳು ಸೊನ್ನೆ ಬಿಟ್ಟು ಏಳದಿದ್ದರೆ ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ಪೈಪಿಗೆ ಸಿಕ್ಕಿಸಿರುವ ಸಾಧ್ಯತೆಯೇ ಹೆಚ್ಚು. ಆ ತೂತು ಥ್ರಾಟಲ್ ಪ್ಲೇಟಿನ ಮೇಲುಗಡೆ ಇರುತ್ತದೆ, ಥ್ರಾಟಲ್ ಮುಚ್ಚಿದ್ದಾಗ ಅಲ್ಲಿ ಎಳೆತವಿರುವುದಿಲ್ಲ.

ಗೇಜಿನ ಜೊತೆ ಬರುವ ಚೀಟಿಯಲ್ಲಿ ಆರೋಗ್ಯವಂತ ಎಂಜಿನ್ನಿಗೆ 17ರಿಂದ 22 ಇಂಚು (ಪಾದರಸದ ಇಂಚು, ಎಳೆತದ ಅಳತೆ) ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ, ಮುಂಬೈಗೆ ಸರಿ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 15ರಿಂದ 20 ಬಂದರೆ ಸಾಕು. ಹಬ್ಬಕ್ಕೆ ಬೆಳಗಾವಿಗೆ ಹೋದಾಗ ಅದೇ ಗಾಡಿಯಲ್ಲಿ ಇನ್ನರ್ಧ ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ. ಇದು ತಿಳಿಯದೆ ಚೆನ್ನಾಗಿರುವ ಟೈಮಿಂಗ್ (ಕಿಡಿ ಹಾರುವ ಸಮಯ) ಕೆಡಿಸಿಕೊಳ್ಳುವವರೂ ಇದ್ದಾರೆ.

ಅಂಕಿಗಿಂತ ಮುಳ್ಳಿನ ನಡೆ ಮುಖ್ಯ. ಅಲುಗಾಡದೆ 10-12ರಲ್ಲಿ ನಿಂತರೆ ಟೈಮಿಂಗ್ ಹಿಂದಿದೆ, ಇಲ್ಲವೇ ಗಾಳಿ ಸೋರುತ್ತಿದೆ. ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ ಮತ್ತು ಬಿರುಕು ಬಿಟ್ಟ ಸಣ್ಣ ಪೈಪುಗಳನ್ನು ಮೊದಲು ನೋಡಿ. ಸೋಪಿನ ನೀರು ಚಿಮುಕಿಸಿದಾಗ ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಬಿಸಿ ಸೈಲೆನ್ಸರ್ ಪಕ್ಕ ಪೆಟ್ರೋಲ್ ಮಾತ್ರ ಸಿಂಪಡಿಸಬೇಡಿ. ನಾಲ್ಕೈದು ಇಂಚಿನ ನಡುವೆ ಮುಳ್ಳು ನಿಧಾನವಾಗಿ ತೂಗುತ್ತಿದ್ದರೆ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಸರಿಯಿಲ್ಲ. ಗಡಿಯಾರದಂತೆ ಒಂದೇ ಲಯದಲ್ಲಿ ಟಕ್ ಟಕ್ ಎಂದು ಬೀಳುತ್ತಿದ್ದರೆ ಒಂದು ವಾಲ್ವ್ ಸುಟ್ಟಿರಬಹುದು, ಇಲ್ಲವೇ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಕೂರುತ್ತಿಲ್ಲ. ಆಗ ಕಂಪ್ರೆಷನ್ ನೋಡಿಸಿ, ಕಾರ್ಬೊರೇಟರ್ ಮುಟ್ಟಬೇಡಿ. ಲಯವಿಲ್ಲದೆ ಆಗೊಮ್ಮೆ ಈಗೊಮ್ಮೆ ಬಿದ್ದರೆ ಕಿಡಿಯ ದೋಷದ ಅನುಮಾನ ಹೆಚ್ಚು. ಆರ್‌ಪಿಎಂ 2,500ರಲ್ಲಿ ಹಿಡಿದಾಗ ಮುಳ್ಳು ಮೆಲ್ಲಗೆ ಇಳಿಯುತ್ತಾ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿದೆ.

ಮಿಕ್ಸ್ಚರ್ ಸೆಟ್ ಮಾಡುವುದರಲ್ಲಂತೂ ಇದಕ್ಕೆ ಸಾಟಿಯಿಲ್ಲ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಮುಳ್ಳು ನೆಲೆಗೊಳ್ಳಲು ಬಿಟ್ಟು, ಅತಿ ಹೆಚ್ಚು ಎಳೆತ ಬರುವಲ್ಲಿ ನಿಲ್ಲಿಸಿ. ಆಮೇಲೆ ಐಡಲ್ ಸ್ಕ್ರೂನಿಂದ ವೇಗ ಇಳಿಸಿ, ಮತ್ತೊಮ್ಮೆ ಮಿಕ್ಸ್ಚರ್ ನೋಡಿ. ಕಿವಿಯ ಅಂದಾಜಿನಲ್ಲಿ ಇಷ್ಟು ನಿಖರತೆ ಬರುವುದಿಲ್ಲ.

ಯಾವ ಸಿಲಿಂಡರ್ ಸತ್ತಿದೆ ಎಂದು ಗೇಜ್ ಹೇಳುವುದಿಲ್ಲ. ಅದಕ್ಕೆ ಎಂಜಿನ್ ಆರಿಸಿ, ಒಂದು ಸ್ಪಾರ್ಕ್ ಪ್ಲಗ್ಗಿನ ಲೀಡ್ (ವೈರ್) ಕಳಚಿ, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ ಅದನ್ನು ಬ್ಲಾಕಿಗೆ ಅರ್ಥ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ನಡುಗುವಿಕೆ ಹೆಚ್ಚಾದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ಬದಲಾಗದಿದ್ದರೆ ಕಳ್ಳ ಅದೇ. ಎಂಪಿಎಫ್‌ಐ ಗಾಡಿಯಲ್ಲಿ ಈ ಪರೀಕ್ಷೆ ಬೇಡ, ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಲೀಡ್ ತಿರುಗಿ ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2 ನೆನಪಿರಲಿ. ಪುಣೆ ಬಳಿಯ ಮುಲ್ಶಿ, ತಾಮ್ಹಿಣಿ ಘಾಟಿನ ಕಡೆ ಮಳೆಯಲ್ಲಿ ಓಡಿದ ಗಾಡಿಯಾದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆರೆದು ಒಳಗಿನ ತೇವ ಒರೆಸಿ. ಎರಡು ಟರ್ಮಿನಲ್ ನಡುವೆ ಪೆನ್ಸಿಲ್ ಗೀಟಿನಂಥ ಸಣ್ಣ ಕಪ್ಪು ಗೆರೆ ಕಂಡರೆ ಉಜ್ಜಿ ಪ್ರಯೋಜನವಿಲ್ಲ, ಕ್ಯಾಪನ್ನೇ ಬದಲಿಸಬೇಕು.

ಅಗ್ಗದ ಸೆಟ್ಟುಗಳ ದೊಡ್ಡ ಕೊರತೆ, ನಾಲ್ಕು ಸಿಲಿಂಡರಿನ ಎಳೆತಕ್ಕೆ ಮುಳ್ಳು ಒಂದೇ ಸಮ ಅದುರುವುದು. ಅಕ್ವೇರಿಯಮ್ ಏರ್‌ಲೈನಿನ ಪುಟ್ಟ ವಾಲ್ವ್ ಒಂದನ್ನು ಪೈಪಿನ ನಡುವೆ ಹಾಕಿ ಅರ್ಧ ಮುಚ್ಚಿದರೆ ಓದುವುದು ಸುಲಭ. ಆದರೆ ವಾಲ್ವ್ ದೋಷ ಹುಡುಕುವಾಗ ಅದನ್ನು ಪೂರ್ತಿ ತೆರೆಯಿರಿ, ಇಲ್ಲದಿದ್ದರೆ ಆ ಟಕ್ ಟಕ್ ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಟಿಗಳು ಬಿಸಿಗೆ ಸೀಳುತ್ತವೆ. ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಹಿತ್ತಾಳೆಯದು ಕೇಳಿ.

ಕಾರ್ಬೊರೇಟರ್ ಜಿಪ್ಸಿ ಇಟ್ಟುಕೊಂಡವರು ಖಂಡಿತ ಕೊಳ್ಳಬಹುದು. ಗೇಜ್ ತೆಗೆದ ಮೇಲೆ ಮ್ಯಾನಿಫೋಲ್ಡಿನ ಬಳಸದ ತೂತನ್ನು ಮುಚ್ಚುವ ರಬ್ಬರ್ ಕ್ಯಾಪನ್ನು ಹಿಂಡಿ ನೋಡಿ, ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಎಷ್ಟೋ ಗಾಡಿಗಳ ನಡುಕಕ್ಕೆ ಆ ಕ್ಯಾಪೇ ಕಾರಣವಾಗಿರುತ್ತದೆ.